ಸಾಕ್ಷಿಯ ಕಲಂ

ಕುದುರೆಗಳು ಮಾತು ಕಲಿತು ಇಪ್ಪತ್ತು ವರ್ಷವಾಗಿತ್ತು. ಅಂದಿನಿಂದ ಸವಾರಿ ಶಾಲೆಯ ಯಾವ ದೂರಿಗೂ ಕುದುರೆಯ ಸಾಕ್ಷಿ ಬೇಕೇ ಬೇಕು. ತನಿಖಾಧಿಕಾರಿ ಇಂದುಮತಿ ಹಂಚಿನಾಳ ದೂರಿನ ಫಾರಂ ಹಿಡಿದು ಧಾರವಾಡದ ಸವಾರಿ ಶಾಲೆಯ ಲಾಯಕ್ಕೆ ಬಂದಿದ್ದಳು. ತರಬೇತುದಾರ ತನ್ನೊಡನೆ ಕೆಟ್ಟದಾಗಿ ನಡೆದುಕೊಂಡ ರೀತಿಯನ್ನು ಅಲ್ಲಿ ಸವಾರಿ ಕಲಿಯುವ ಹದಿನಾರರ ಶಾಂಭವಿ ಒಂದೂ ಬಿಡದೆ ಹೇಳಿ ಮುಗಿಸಿ, ತಲೆ ತಗ್ಗಿಸಿದಳು.

“ಇನ್ನ ಬಿಜಲಿನ್ನ ಕೇಳ್ರಿ ಮೇಡಂ. ಬರೇ ನಾ ಹೇಳಿದ್ರ ಯಾರೂ ನಂಬಂಗಿಲ್ಲ.”

ಇಂದುಮತಿ ಹೆಣ್ಣುಕುದುರೆಯ ಕಡೆ ತಿರುಗಿದಳು. “ನೀ ಏನ್ ನೋಡಿದಿ, ಹೇಳವಾ.”

ಬಿಜಲಿ ಬಾಯಲ್ಲಿದ್ದ ಹುಲ್ಲನ್ನು ನಿಧಾನವಾಗಿ ನುಂಗಿತು. “ಈಕಿ ಹೇಳಿದ್ದು ಬರಕೊಂಡ್ರೇನು?”

“ಬರಕೊಂಡೇನಿ.”

“ಮತ್ತ ನನ್ನ ಯಾಕ ಕೇಳ್ತೀರಿ?”

ಹನ್ನೆರಡು ವರ್ಷದ ನೌಕರಿಯಲ್ಲಿ ಇಂದುಮತಿಗೆ ಈ ಪ್ರಶ್ನೆ ಹೊಳೆದಿರಲೇ ಇಲ್ಲ. ಕುದುರೆ ನೋಡಿಲ್ಲವೆಂದು ಎಷ್ಟೋ ಹುಡುಗಿಯರ ದೂರನ್ನು ಆಕೆಯೇ ಮುಚ್ಚಿದ್ದಳು. ಫಾರಂನಲ್ಲಿ ಕುದುರೆಯ ಸಾಕ್ಷಿಗೆಂದಿದ್ದ ಕಲಮಿಗೆ ಅಡ್ಡಗೆರೆ ಎಳೆದು, ಶಾಂಭವಿಯ ಹೇಳಿಕೆಯ ಕೆಳಗೆ ಸಹಿ ಹಾಕಿದಳು.

“ಇವತ್ತಿಂದ ಅಂವ ಈ ಗೇಟು ದಾಟಂಗಿಲ್ಲವ್ವಾ.”

ಶಾಂಭವಿ ತಲೆಯೆತ್ತಿದಳು. “ಹಂಗಾರ ನಾಳೆ ಮುಂಜಾನೆ ನಾ ಸವಾರಿಗೆ ಬರ್ಲೇನ್ರಿ?”

“ತಡಾ ಮಾಡಬ್ಯಾಡ ಮತ್ತ,” ಎಂದಿತು ಬಿಜಲಿ.

ಇಂದುಮತಿ ಆಗಲೇ ಆಫೀಸಿಗೆ ಫೋನ್ ಹಚ್ಚಿದ್ದಳು. “ನಾ ಮುಚ್ಚಿದ ಫೈಲ್ ಎಲ್ಲಾ ಮೇಜಿನ ಮ್ಯಾಲ ತಗದಿಡ್ರಿ. ಬರಾಕತ್ತೇನಿ.”