ಕಂಬದ ಪಕ್ಕದ ಎಲೆ

ಅಪ್ಪನ ಕಾಯಿಲೆ ಈಗ ನನಗೂ ಬಂದಿದೆ; ತುಪ್ಪ ಹಾಕಿದ ಹೋಳಿಗೆಯ ವಾಸನೆ ಬಂದರೆ ಮೊದಲು ಹೋಳಿಗೆ ತಿಂದು, ಆಮೇಲೆ ಏಳುವ ಚಿಂತೆ ಮಾಡುತ್ತೇನೆ.

ನಾನು ಹುಡುಗನಾಗಿದ್ದಾಗ ಒಮ್ಮೆ ಶೃಂಗೇರಿಯ ಅತ್ತೆಯ ಮನೆಯಲ್ಲಿ ಉಪನಯನದ ಊಟ. ಅಪ್ಪನ ಕಾಲಿನ ಸ್ನಾಯುಗಳು ವರ್ಷದಿಂದ ವರ್ಷಕ್ಕೆ ಸೋಲುತ್ತಿದ್ದವು. ನೆಲಕ್ಕೆ ಕೂತರೆ ಕಂಬ ಹಿಡಿದೇ ಏಳಬೇಕು. ಕಂಬದ ಪಕ್ಕದ ಎಲೆ ಕಾಯುವ ಕೆಲಸವನ್ನು, ಯಾರೂ ಹೇಳದಿದ್ದರೂ, ನಾನೇ ಮೈಮೇಲೆ ಹಾಕಿಕೊಂಡಿದ್ದೆ. ಆದರೆ ಕೈ ತೊಳೆದು ಬರುವಷ್ಟರಲ್ಲಿ ಕೊಪ್ಪದ ದಪ್ಪ ಭಟ್ಟರು ಅಲ್ಲಿ ಕೂತಾಗಿತ್ತು. ಅಪ್ಪ ಅವರ ಪಕ್ಕ ಕೂತರು, ಅಪ್ಪನ ಪಕ್ಕ ನಾನು. ಎಲ್ಲರೆದುರು ಬಿದ್ದುಬಿಟ್ಟರೆ? ಊಟವಿಡೀ ನಾನು ಅಪ್ಪನ ಮಂಡಿಯನ್ನೇ ನೋಡುತ್ತಿದ್ದೆ.

ಮಜ್ಜಿಗೆ ಮುಗಿಯಿತು. ಪಂಕ್ತಿಯಲ್ಲಿ ಎಲ್ಲರೂ ಒಟ್ಟಿಗೇ ಏಳಬೇಕು. ಭಟ್ಟರು ಏಳಲು ನೋಡಿ ಧೊಪ್ಪನೆ ಕೂತರು.

"ಎಂತ ಮಾರಾಯ, ಹೋಳಿಗೆ ಏಳ್ಲಿಕ್ಕೆ ಬಿಡ್ತಾ ಇಲ್ಲ. ಸ್ವಲ್ಪ ಕೈ ಕೊಡು."

"ನಾನೇ ನಿಮ್ಮ ಹತ್ರ ಕೇಳುವ ಅಂತಿದ್ದೆ," ಎಂದರು ಅಪ್ಪ. "ನೀವು ಕಂಬ ಹಿಡ್ಕೊಳ್ಳಿ, ನಾನು ನಿಮ್ಮನ್ನ ಹಿಡ್ಕೊಳ್ತೇನೆ."

ಪಂಕ್ತಿಯೆಲ್ಲ ಕಾಯಿತು. ಏದುಸಿರು ಬಿಡುತ್ತಾ, ನಗುತ್ತಾ, ಅಂತೂ ಇಬ್ಬರೂ ನಿಂತರು; ಜೊತೆಗೆ ನಾವೆಲ್ಲರೂ ಎದ್ದೆವು.

"ಕಂಬ ಬೀಳ್ಲಿಲ್ಲ, ನಮ್ಮ ಪುಣ್ಯ!" ಎಂದರು ಅತ್ತೆ.

ಅಪ್ಪ ನನ್ನ ಹೆಗಲ ಮೇಲೆ ಎಡಗೈ ಊರಿ ಹಿಂದೆ ತಿರುಗಿದರು. ನನ್ನ ಎಲೆಯಲ್ಲಿ ಹೋಳಿಗೆ ಮುಟ್ಟದೆ ಉಳಿದಿತ್ತು. ಒಮ್ಮೆ ಎದ್ದ ಮೇಲೆ ಮತ್ತೆ ಎಲೆಗೆ ಕೂರುವ ಹಾಗಿಲ್ಲ.

"ನಾನೇನೋ ಎದ್ದೆ," ಎಂದು ಅಪ್ಪ ನಕ್ಕರು. "ನಿನ್ನ ಹೋಳಿಗೆ ಹೋಯ್ತಲ್ಲ ಮಾರಾಯ!"