ಉಜ್ಜಿದ ಚೆಂಡು

ಬೈರಾಸಿನಲ್ಲಿ ಚೆಂಡು ಒರೆಸುತ್ತಿದ್ದ ಅನಘಾಳ ಕೈಗೆ ಏನೋ ತರಿತರಿಯಾಗಿ ತಾಗಿತು. ಬಟ್ಟೆಯ ಮಡಿಕೆ ಬಿಡಿಸಿ ನೋಡಿದಳು. ಒಳಗೆ ಅಂಗೈಯಗಲದ ಉಜ್ಜುವ ಪ್ಯಾಡ್. ನೀಲಿ ಚೆಂಡಿನ ಹೊಳಪು ಅಷ್ಟರಲ್ಲೇ ಒಂದು ಕಡೆ ಮಾಸಿಹೋಗಿತ್ತು.

ಬೈರಾಸನ್ನು ಈಗಷ್ಟೇ ಕೊಟ್ಟವರು ಅಪ್ಪ.

ಪುತ್ತೂರು ಬಸ್‌ಸ್ಟ್ಯಾಂಡಿನ ಹತ್ತಿರದ ಹೊಸ ಕಟ್ಟಡದಲ್ಲಿ, ಚೆಂಡು ಉರುಳಿಸಿ ಪಿನ್ನು ಕೆಡವುವ ಬೌಲಿಂಗ್ ಆಟದ ತಂಡಕ್ಕೆ ಆಯ್ಕೆ ನಡೆದಿತ್ತು. ಉಳಿದಿದ್ದುದು ಒಂದೇ ಜಾಗ. ಸುಳ್ಯದ ತೃಷಾ ತನ್ನ ಆಟ ಮುಗಿಸಿ ಬೆಂಚಿನಲ್ಲಿ ಉಗುರು ಕಚ್ಚುತ್ತಾ ಕುಳಿತಿದ್ದಳು. ಅನಘಾಳಿಗೆ ಕೊನೆಯ ಸರದಿ ಬಾಕಿ. ಪಿನ್ನುಗಳನ್ನೆಲ್ಲ ಒಂದೇ ಏಟಿಗೆ ಕೆಡವಿದರೆ ತೃಷಾಳನ್ನು ಹಿಂದಿಕ್ಕಬಹುದಿತ್ತು.

ಆದರೆ ಬೆಳಿಗ್ಗೆಯಿಂದ ಅವಳ ಚೆಂಡು ತಿರುಗುತ್ತಲೇ ಇರಲಿಲ್ಲ. ಲೇನಿನ ಎಣ್ಣೆ ಹಚ್ಚಿದ ಹಲಗೆಯ ಮೇಲೆ ಜಾರಿಕೊಂಡು ನೆಟ್ಟಗೆ ಹೋಗುತ್ತಿತ್ತು. ಪ್ರತಿ ಸಲವೂ ಮೂಲೆಯ ಪಿನ್ ಅಲ್ಲಾಡದೆ ನಿಂತಿರುತ್ತಿತ್ತು. ಇವತ್ತು ಎಣ್ಣೆ ಜಾಸ್ತಿ ಉಂಟು, ಹೊಳಪು ಉಜ್ಜಿ ತೆಗೆದರೆ ಚೆಂಡಿಗೆ ಹಿಡಿತ ಸಿಕ್ಕಿ ತಿರುಗುತ್ತದೆ ಎಂದು ಆಟಕ್ಕೆ ಮೊದಲೇ ಅವಳು ಹೇಳಿದ್ದಳು. ಅಪ್ಪ ಯಜ್ಞೇಶ್ವರ ಭಟ್ಟರು ಒಪ್ಪಿರಲಿಲ್ಲ. ಮಗಳನ್ನು ವಾರವಾರವೂ ಈಶ್ವರಮಂಗಲದಿಂದ ಕಾರಿನಲ್ಲಿ ಕರೆತರುವವರು ಅವರು. ವಿಡಿಯೋ ನೋಡಿ ನೋಡಿ ಆಟ ಕಲಿತು ಅವಳಿಗೆ ಹೇಳಿಕೊಟ್ಟವರೂ ಅವರೇ. ಅವರ ಮಾತು ಮೀರಿ ಅವಳಿಗೆ ಅಭ್ಯಾಸವಿರಲಿಲ್ಲ.

ಆಟ ಶುರುವಾದ ಮೇಲೆ ಚೆಂಡನ್ನು ಬಟ್ಟೆಯಲ್ಲಿ ಒರೆಸಬಹುದು, ಉಜ್ಜುವ ಹಾಗಿಲ್ಲ. ಉಜ್ಜಿದರೆ ಆ ಆಟವೇ ರದ್ದು. ಇದು ಅಪ್ಪನಿಗೂ ಗೊತ್ತಿತ್ತು.

ಅನಘಾ ನೀರು ಕುಡಿಯುವ ನೆಪದಲ್ಲಿ ಅವರ ಬಳಿಗೆ ಹೋದಳು. ಕುರ್ಚಿಯ ತುದಿಯಲ್ಲಿ ಕುಳಿತಿದ್ದ ಭಟ್ಟರ ಹಣೆ ಎ.ಸಿ.ಯ ತಂಪಿನಲ್ಲೂ ಬೆವರಿತ್ತು.

"ಇದೆಂತ ಅಪ್ಪ?"

"ಯಾರೂ ನೋಡ್ಲಿಲ್ಲ. ಇನ್ನೊಂದು ಸ್ವಲ್ಪ ಉಜ್ಜು, ಸಾಕು," ಅವರು ಪಿಸುಗುಟ್ಟಿದರು. "ಬೆಳಿಗ್ಗೆ ಬೇಡ ಹೇಳಿದ್ದು ನನ್ನದೇ ತಪ್ಪು ಮಗಾ. ಅದನ್ನು ನಾನೇ ಸರಿ ಮಾಡುದು ಬೇಡ್ವಾ?"

ಅವಳು ವಾಪಸು ಬಂದಳು. ಚೆಂಡಿನ ತೂತುಗಳಿಗೆ ಬೆರಳು ತೂರಿಸಿ ಎತ್ತಿದಳು. ಮಾಸಿದ ಜಾಗ ಅಂಗೈಗೆ ಒರಟಾಗಿ ತಾಗುತ್ತಿತ್ತು. ಈಗ ಎಸೆದರೆ ತಿರುಗೀತು, ಮೂಲೆಯ ಪಿನ್ನೂ ಬಿದ್ದೀತು. ಚೆಂಡು ಬಿಡುವ ಗೆರೆಯ ಕಡೆ ಹೆಜ್ಜೆ ಹಾಕಿದವಳು ಅರ್ಧದಲ್ಲೇ ನಿಂತಳು. ಚೆಂಡಿನ ಭಾರಕ್ಕೆ ಮಣಿಕಟ್ಟು ನೋಯತೊಡಗಿತು. ಕೊನೆಗೆ ಹಿಂದೆ ಬಂದು, ಚೆಂಡನ್ನು ಸ್ಟ್ಯಾಂಡಿನ ಮೇಲಿಟ್ಟು ಅಂಪೈರ್ ವಸುಮತಿಯವರನ್ನು ಕರೆದಳು.

"ಮೇಡಂ, ಈ ಚೆಂಡನ್ನು ಉಜ್ಜಿ ಆಗಿದೆ. ಆಟದ ಮಧ್ಯದಲ್ಲಿ."

ವಸುಮತಿ ಕನ್ನಡಕ ಸರಿಮಾಡಿಕೊಂಡು ಮಾಸಿದ ಜಾಗವನ್ನು ಮುಟ್ಟಿ ನೋಡಿದರು. ಬೈರಾಸು ಬಿಡಿಸಿ ಪ್ಯಾಡನ್ನು ಹೊರತೆಗೆದರು. ತೃಷಾ ಬೆಂಚಿನಿಂದ ಎದ್ದು ನಿಂತಿದ್ದಳು.

"ಯಾರು ಇದನ್ನು ಇಟ್ಟದ್ದು?"

ಅನಘಾ ಚೆಂಡಿನ ಮೇಲೆ ಕೈಯಿಟ್ಟು ನಿಂತಳು. ಹಿಂದೆ ಅಪ್ಪನ ಕುರ್ಚಿ ಕಿರುಗುಟ್ಟಿದ್ದು ಕೇಳಿಸಿತು. ಅವಳು ತಿರುಗಿ ನೋಡಲಿಲ್ಲ. ಪಕ್ಕದ ಲೇನಿನಲ್ಲಿ ಯಂತ್ರ ಕೆಳಗಿಳಿದು, ಪಿನ್ನುಗಳನ್ನು ಒಂದೊಂದಾಗಿ ಸರಿಯಾಗಿ ನಿಲ್ಲಿಸಿ ಮೇಲೆ ಹೋಯಿತು. ಕುರ್ಚಿ ಮತ್ತೆ ಸದ್ದು ಮಾಡಲಿಲ್ಲ. ವಸುಮತಿ ಎರಡನೇ ಸಲ ಕೇಳಿದರು.

"ನಾನೇ," ಎಂದಳು ಅನಘಾ.

ಆಟ ರದ್ದಾಯಿತು. ತೃಷಾ ಬಂದು ಅವಳ ಕೈ ಹಿಡಿದಳು. ಒಮ್ಮೆ ಅದುಮಿ ಬಿಟ್ಟು ಹೋದಳು. ಭಟ್ಟರು ಚೆಂಡಿನ ಚೀಲವನ್ನು ತಾವೇ ಎತ್ತಿಕೊಂಡು ಮುಂದೆ ನಡೆದರು.

ಕಾರು ಕುಂಬ್ರ ಪೇಟೆ ದಾಟಿತು. ಕಾವು ಎಂಬ ಊರಿನ ಹತ್ತಿರ ಲಾರಿಯೊಂದಕ್ಕೆ ದಾರಿ ಬಿಡಲು ಭಟ್ಟರು ಕಾರು ನಿಧಾನ ಮಾಡಿದರು. ಲಾರಿ ಹೋದ ಮೇಲೂ ವೇಗ ಹೆಚ್ಚಿಸಲಿಲ್ಲ.

"ನಾನು ಎದ್ದು ಹೇಳುವವನೇ ಇದ್ದೆ, ಮಗಾ," ಎಂದರು, ರಸ್ತೆಯಿಂದ ಕಣ್ಣು ತೆಗೆಯದೆ.

"ಹೌದಪ್ಪ," ಎಂದಳು ಅನಘಾ. "ಅದಕ್ಕೇ ನಾನು ಅಷ್ಟು ಹೊತ್ತು ಕಾದದ್ದು."