ಮುಚ್ಚಿದ ಹಿಂಬಾಗಿಲ ಮುಂದಿನ ರಂಗೋಲಿ

ಮೈಸೂರಿನ ಒಂದು ಹಳೆಯ ಬಡಾವಣೆ. ಅಲ್ಲಿ ಎರಡು ಸಾಲು ಮನೆಗಳು ಒಂದಕ್ಕೊಂದು ಬೆನ್ನು ತಿರುಗಿಸಿ ನಿಂತಿವೆ...

ನಡುವೆ ಎಂಟು ಅಡಿ ಅಗಲದ ಹಿತ್ತಲ ಗಲ್ಲಿ. ಇಪ್ಪತ್ತು ವರ್ಷಗಳಿಂದ ಎರಡೂ ತುದಿಗೆ ಗೇಟು, ಗೇಟಿಗೆ ಬೀಗ.

ಆ ಗಲ್ಲಿಯನ್ನು ತೆರೆದು, ಗಿಡ ನೆಟ್ಟು, ಕಲ್ಲುಬೆಂಚು ಹಾಕಿ, ಎರಡೂ ಸಾಲಿನವರು ಕೂಡಿ ಕೂರುವ ಜಾಗ ಮಾಡಬೇಕು... ಇದು ಆರ್ಕಿಟೆಕ್ಟ್ ನಿವೇದಿತಾಳ ಪ್ಲಾನ್.

ಆದರೆ ನಿವಾಸಿಗಳ ಸಂಘದ ಅಧ್ಯಕ್ಷ ಶ್ರೀಕಂಠಯ್ಯನವರಿಗೆ ಅಲ್ಲಿ ಕಾರು ನಿಲ್ಲಿಸಲು ಜಾಗ ಬೇಕು. ಭಾನುವಾರದ ಸಭೆಯಲ್ಲಿ ಒಪ್ಪಿಗೆ ಸಿಗದಿದ್ದರೆ ಇಡೀ ಗಲ್ಲಿಗೆ ಕಾಂಕ್ರೀಟು.

ಗುರುವಾರ ಬೆಳಿಗ್ಗೆ ಮೇಸ್ತ್ರಿ ಪುಟ್ಟಮಾದು ಬೀಗ ಒಡೆದ. ನಿವೇದಿತಾ ಟೇಪು ಹಿಡಿದು ಒಳಗೆ ಹೋದಳು.

ಎದೆಯೆತ್ತರ ಪಾರ್ಥೇನಿಯಂ, ಒಡೆದ ಕಮೋಡು... ಹತ್ತು ಹೆಜ್ಜೆ ಹೋಗುವಷ್ಟರಲ್ಲಿ ರಸ್ತೆಯ ಹಾರನ್ನು ಕೂಡ ಕೇಳಿಸದಾಯಿತು.

ಗಲ್ಲಿಯ ನಡುವೆ ಆಕೆ ತಟ್ಟನೆ ನಿಂತಳು.

ಒಂದು ಚಾಪೆಯಗಲದ ನೆಲವನ್ನು ಯಾರೋ ಗುಡಿಸಿ ನೀರು ಚಿಮುಕಿಸಿದ್ದರು. ಅದರ ಮೇಲೆ ಒಂಬತ್ತು ಚುಕ್ಕಿಯ ರಂಗೋಲಿ... ಇನ್ನೂ ಹಸಿಹಸಿ.

ರಂಗೋಲಿ ಇದ್ದದ್ದು ಒಂದು ಬಾಗಿಲ ಮುಂದೆ. ಆ ಬಾಗಿಲನ್ನು ಇಟ್ಟಿಗೆ ಕಟ್ಟಿ ಮುಚ್ಚಿ ಎಷ್ಟೋ ಕಾಲವಾಗಿತ್ತು.

"ಬೀಗ ನಾನೇ ಈಗ ಒಡ್ದಿದ್ದು ಮೇಡಮ್ಮೋರೆ... ಇದನ್ನ ಯಾರು ಬುಟ್ರು?" ಪುಟ್ಟಮಾದುವಿನ ದನಿ ಇಳಿದಿತ್ತು.

"ಪಕ್ಕದ ಮನೆಯವರಿರಬಹುದು ಬಿಡಪ್ಪ."

"ಎಲ್ಲಿಂದ ಬಂದ್ರು? ಒಂದ್ ಬಾಗ್ಲಾದ್ರೂ ಕಾಣ್ತದಾ ಇಲ್ಲಿ? ನಾ ಬರಕಿಲ್ಲ ಕಣವ್ವ, ನಂಗೂ ಎಂಡ್ರು ಮಕ್ಳವ್ರೆ."

ವಿಷಯ ಶ್ರೀಕಂಠಯ್ಯನವರಿಗೆ ಮುಟ್ಟಿತು. "ಅದು ನಮ್ಮನೆ ಹಿಂಬಾಗಿಲೇ ಕಣಮ್ಮ. ಎದುರು ಮನೆಯವರ ಜೊತೆ ಮೋರಿ ನೀರಿಗೆ ಜಗಳ ಆದಾಗ ನಾನೇ ಮುಚ್ಚಿಸಿದ್ದು. ಆರು ವರ್ಷ ಆಯ್ತು. ಅಲ್ಲಿ ಯಾರೂ ಓಡಾಡಲ್ಲ."

"ಓಡಾಡದೇ ಇರೋರು ರಂಗೋಲಿ ಹಾಕ್ತಾರಾ ಸರ್?"

"ಅದಕ್ಕೇ ಹೇಳ್ತಿರೋದು... ಕಾಂಕ್ರೀಟ್ ಸುರಿದುಬಿಡಿ."

ಸಂಜೆಯೊಳಗೆ ಸುದ್ದಿ ಎರಡೂ ಬೀದಿ ಸುತ್ತಿತು. ಪ್ಲಾನಿಗೆ ಹೂಂ ಎಂದಿದ್ದವರೂ ಒಬ್ಬೊಬ್ಬರಾಗಿ ಹಿಂದೆ ಸರಿದರು.

ಶುಕ್ರವಾರ ನಿವೇದಿತಾ ಒಬ್ಬಳೇ ಹೋದಳು. ಹಳೆಯ ರಂಗೋಲಿ ಇರಲಿಲ್ಲ. ಅದೇ ಜಾಗದಲ್ಲಿ ಹೊಸದು... ಏಳು ಚುಕ್ಕಿಯದು. ಆಕೆ ಟೇಪು ಬಿಚ್ಚದೆಯೇ ಹೊರಬಂದಳು.

ಶನಿವಾರ ನೆಲ ಒಣಗಿತ್ತು. ಯಾರೂ ಗುಡಿಸಿರಲಿಲ್ಲ. ನಿನ್ನೆಯ ಎಳೆಗಳ ಮೇಲೆ ಇರುವೆ ಸಾಲುಗಟ್ಟಿತ್ತು.

ಸದ್ಯ, ಎಂದುಕೊಂಡು ಆಕೆ ಟೇಪು ಬಿಚ್ಚಿದಳು. ಆಗ...

ಟಕ್... ಟಕ್... ಟಕ್...

ಸದ್ದು ಬಂದದ್ದು ಇಟ್ಟಿಗೆಯ ಒಳಗಿನಿಂದ.

ನಿಂತಿತು. ಯಾರದೋ ಉತ್ತರಕ್ಕೆ ಕಾಯುವ ಹಾಗೆ. ಮತ್ತೆ... ಟಕ್, ಟಕ್, ಟಕ್.

ಆಕೆ ಗೋಡೆಗೆ ಕಿವಿಯಿಟ್ಟಳು. ಒಳಗೊಂದು ಎಳೆಯಷ್ಟೇ ತೆಳುವಾದ ದನಿ... "ರುಕ್ಕಕ್ಕ... ಇದ್ದೀಯಾ?"

ಗೇಟು ದಾಟಿ, ಬೀದಿ ಸುತ್ತಿ ಓಡಿದ ನಿವೇದಿತಾ ಶ್ರೀಕಂಠಯ್ಯನವರ ಮನೆಯ ಮುಂಬಾಗಿಲಲ್ಲಿ ನಿಂತಳು. "ಸರ್, ಹಿಂದಿನ ರೂಮಲ್ಲಿ ಯಾರಿದ್ದಾರೆ?"

"ನಮ್ಮಮ್ಮ. ಆರು ವರ್ಷದ ಹಿಂದೆ ಸ್ಟ್ರೋಕ್ ಆದಾಗಿನಿಂದ ಮಲಗಿದ ಕಡೆಯೇ. ಲೋಟದಲ್ಲಿ ಗೋಡೆ ಕುಟ್ತಿರ್ತಾರೆ... ಅರಳು ಮರಳು."

ಮಂಚದ ಮೇಲೆ ತುಂಗಮ್ಮ ಮಲಗಿದ್ದರು. ಆಡುವ ಒಂದೇ ಕೈಯಲ್ಲಿ ಸ್ಟೀಲಿನ ಲೋಟ.

"ಗಲ್ಲಿಲಿ ಓಡಾಡ್ತಿದ್ದದ್ದು ನೀನೇನಮ್ಮ? ಎದುರು ಮನೆ ರುಕ್ಕಕ್ಕ ಇವತ್ತು ಗುಡಿಸ್ಲಿಲ್ಲ... ಏನಾಯ್ತೋ ಒಂಚೂರು ನೋಡು."

"ಅವರಿಗೂ ನಮಗೂ ಮಾತೇ ಇಲ್ವಲ್ಲಮ್ಮ," ಎಂದರು ಮಗ.

"ಮಾತಿಲ್ಲದ್ದು ನಿಂಗೆ." ತುಂಗಮ್ಮನ ಕಣ್ಣು ತುಂಬಿತ್ತು. "ನೀನು ಬಾಗ್ಲು ಮುಚ್ಚಿಸಿದ ಮಾರನೇ ದಿನದಿಂದ ಅವಳೇ ಹಾಕ್ತಿದ್ದಾಳೆ. ಸಾವಾದ ಮನೆ ಬಾಗ್ಲು ಮಾತ್ರ ಬರಿದಾಗಿರುತ್ತೆ, ನಿನ್ನ ಬಾಗ್ಲು ಬರಿದಾಗೋಕೆ ಬಿಡಲ್ಲ ತುಂಗಾ ಅಂತ ಗೋಡೆಯಾಚೆಯಿಂದ ಅಂದಿದ್ಲು. ಹಾಕಿ ಮೂರು ಸಲ ತಟ್ತಾಳೆ, ನಾನೂ ತಟ್ತೀನಿ... ಒಂದು ದಿನ ತಪ್ಪಿಲ್ಲ."

ಶ್ರೀಕಂಠಯ್ಯನವರು ಚಪ್ಪಲಿ ಮೆಟ್ಟುವುದನ್ನೂ ಮರೆತು ನಿವೇದಿತಾಳ ಹಿಂದೆ ಓಡಿದರು.

ರುಕ್ಮಿಣಮ್ಮನ ಮನೆಯ ಮುಂಬಾಗಿಲು ಎಷ್ಟು ತಟ್ಟಿದರೂ ತೆರೆಯಲಿಲ್ಲ. ಮಗ ಸೊಸೆ ನಂಜನಗೂಡಿಗೆ ಮದುವೆಗೆ ಹೋಗಿದ್ದಾರೆಂದರು ಪಕ್ಕದವರು.

ಇಬ್ಬರೂ ಗಲ್ಲಿಗೆ ನುಗ್ಗಿದರು. ಎದುರು ಗೋಡೆಗೆ ದಟ್ಟವಾಗಿ ಹಬ್ಬಿದ್ದ ಬಳ್ಳಿಯನ್ನು ಸರಿಸಿದರೆ... ಅಲ್ಲೊಂದು ಗಿಡ್ಡ ಬಾಗಿಲು. ಚಿಲಕ ಹಾಕಿರಲಿಲ್ಲ.

ಬಚ್ಚಲ ಕಲ್ಲಿನ ಮೇಲೆ ರುಕ್ಮಿಣಮ್ಮ ಬಿದ್ದಿದ್ದರು. ಸೊಂಟ ಮುರಿದಿತ್ತು, ತುಟಿ ಒಣಗಿತ್ತು... ಉಸಿರಿತ್ತು.

ಶ್ರೀಕಂಠಯ್ಯನವರು ನೆಲದ ಮೇಲೆ ಕುಳಿತು ಅವರ ತಲೆಯನ್ನು ತೊಡೆಗೆ ಎತ್ತಿಕೊಂಡರು.

ಮುದುಕಿ ಕಣ್ಣು ಬಿಟ್ಟು ಹೇಳಿದ್ದು ಇಷ್ಟೇ... "ತುಂಗಂಗೆ ಹೇಳಪ್ಪ. ಬಿದ್ದಿದ್ದೀನಿ ಅಷ್ಟೆ, ಹೋಗಿಲ್ಲ ಅಂತ."

ಸಂಜೆಯವರೆಗೆ ಹಾಗೇ ಬಿದ್ದಿದ್ದರೆ ಉಳಿಯುತ್ತಿರಲಿಲ್ಲ ಎಂದರು ಆಸ್ಪತ್ರೆಯಲ್ಲಿ.

ಭಾನುವಾರದ ಸಭೆಗೆ ಶ್ರೀಕಂಠಯ್ಯನವರು ತಡವಾಗಿ ಬಂದರು. ಮೊಣಕೈವರೆಗೂ ಇಟ್ಟಿಗೆಯ ಕೆಂಪು ಧೂಳು.

"ಬಾಗಿಲು ಒಡೆದು ಬಂದೆ," ಎಂದರು. "ಪ್ಲಾನ್ ಬಿಚ್ಚಮ್ಮ. ಬೆಂಚು ನಮ್ಮ ಬಾಗಿಲ ಹತ್ತಿರವೇ ಇರಲಿ... ಅಮ್ಮನ ಮಂಚ ಹೊರಗೆ ತರೋಷ್ಟು ಜಾಗ ಬಿಡು."

ಒಂದೊಂದಾಗಿ ಎಲ್ಲರ ಕೈ ಒಪ್ಪಿಗೆಗೆ ಮೇಲೆದ್ದವು.

ನಾಲ್ಕು ತಿಂಗಳ ಮೇಲೆ, ಎಳೆಯ ಹೊಂಗೆ ಗಿಡಗಳ ನಡುವೆ ವಾಕರ್ ಹಿಡಿದು ರುಕ್ಮಿಣಮ್ಮ ಬೆಂಚಿನವರೆಗೆ ಬಂದು ಕುಳಿತರು. ಎದುರಿಗೆ ಮಂಚದ ಮೇಲೆ ತುಂಗಮ್ಮ. ಇಬ್ಬರೂ ಮುಖ ನೋಡಿ ಆರು ವರ್ಷವಾಗಿತ್ತು.

"ಇಷ್ಟು ಮುದುಕಿ ಆಗ್ಬಿಟ್ಯಲ್ಲೇ ತುಂಗಾ."

"ನಿನ್ನ ಹಲ್ಲೆಲ್ಲ ಎಲ್ಲೇ ಬಿಟ್ಟು ಬಂದೆ?"

ನಗುವೋ ಅಳುವೋ ತಿಳಿಯದ ಆ ಸದ್ದಿಗೆ ಎರಡೂ ಸಾಲಿನ ಹಿಂಬದಿಯ ಕಿಟಕಿಗಳು ಒಂದೊಂದಾಗಿ ತೆರೆದವು...

ನೆರೆಹೊರೆಯವರು ಕೂಡುವ ಜಾಗ ಸತ್ತು ಹೋದರೆ, ಬದುಕಿರುವವರೇ ನಮಗೆ ದೆವ್ವಗಳಾಗಿ ಕಾಣುತ್ತಾರೆ.

ನಿಮ್ಮ ಮನೆಯ ಹಿಂದಿನ ಮನೆಯಲ್ಲಿ ಯಾರಿದ್ದಾರೆ... ಇಂದು ಬೆಳಿಗ್ಗೆ ಅವರು ಎದ್ದರೇ ಎಂಬುದು ನಿಮಗೆ ಗೊತ್ತೇ?